ಮೈಲುತುತ್ತು ಶುದ್ಧ ಪದಾರ್ಥ, ‘ಶುದ್ಧ ತೆಂಗಿನೆಣ್ಣೆ’ ಮಿಶ್ರಣ: ಇದನ್ನು ಮಕ್ಕಳಿಗೆ ದಾಟಿಸುವುದು ಹೇಗೆ?

ನೀರ್ಚಾಲಿನವಳು:

ಕಾಸರಗೋಡಿನ ಕನ್ನಡ ಮಾಧ್ಯಮದ ಹೈಸ್ಕೂಲು ಮಕ್ಕಳಿಗೆ ಸಂಜೆ ಹೊತ್ತು ರಸಾಯನಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಧಾತು, ಸಂಯುಕ್ತ, ಮಿಶ್ರಣ ಎಂದು ಮೂರು ಕಾಲಂ ಎಳೆದು ಕೊಟ್ಟರೆ ಪುಸ್ತಕದಲ್ಲಿರುವ ಹೆಸರುಗಳನ್ನು ಸರಿಯಾಗಿಯೇ ತುಂಬಿಸುತ್ತಾರೆ. ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಿದರೆ ತಡವರಿಸುತ್ತಾರೆ. ಕೆಲವು ಕಡೆ ನಾನೂ ತಡವರಿಸಿದ್ದೇನೆ. ಸಿಕ್ಕಿಹಾಕಿಕೊಂಡ ಪ್ರಶ್ನೆಗಳು ಇವು:

1. ಲೋಟದ ನೀರಿನಲ್ಲಿ ಐಸ್ ತುಂಡು ತೇಲುತ್ತಿದೆ. ಎರಡು ಬೇರೆ ಬೇರೆ ಕಾಣುತ್ತವೆ. ಅದು ಮಿಶ್ರಣವೇ?

2. ಮೈಲುತುತ್ತು (ತಾಮ್ರದ ಸಲ್ಫೇಟಿನ ನೀಲಿ ಹರಳು) ಸಂಯುಕ್ತ, ಹಾಗಾಗಿ ಶುದ್ಧ ಪದಾರ್ಥ ಎನ್ನುತ್ತೇವೆ. ಆದರೆ ಕಾಯಿಸಿದರೆ ಅದರಿಂದ ನೀರು ಹೊರಬರುತ್ತದಲ್ಲ? ಹಾಗಾದರೆ ಅದು ಬಿಳಿ ಪುಡಿ ಮತ್ತು ನೀರಿನ ಮಿಶ್ರಣ ಯಾಕಲ್ಲ?

3. ತೋಟಕ್ಕೆ ಬಿಡುವ ಮದ್ದಿಗೆ ಕೆಲವರು ಬೋರ್ಡೋ ಮಿಶ್ರಣ ಅನ್ನುತ್ತಾರೆ, ಕೆಲವರು ಬೋರ್ಡೋ ದ್ರಾವಣ ಅನ್ನುತ್ತಾರೆ. ಯಾವುದು ಸರಿ?

4. ಬಾಟಲಿಯ ಮೇಲೆ ‘100% ಶುದ್ಧ ತೆಂಗಿನೆಣ್ಣೆ’ ಎಂದಿದೆ. ಅದನ್ನು ಶುದ್ಧ ಪದಾರ್ಥದ ಕಾಲಂಗೆ ಹಾಕಿದ ಹುಡುಗನಿಗೆ ತಪ್ಪು ಎಂದು ಹೇಳಿದ್ದಾಯಿತು, ಯಾಕೆ ಎಂದು ತೋರಿಸಲಿಕ್ಕೆ ಆಗಲಿಲ್ಲ.

5. ಕಬ್ಬಿಣದ ಪುಡಿ, ಗಂಧಕ ಬೆರೆಸಿ ಕಾಯಿಸಿ ಸಂಯುಕ್ತ ಮಾಡುವ ಪ್ರಯೋಗ ಎರಡು ಸಲ ಮಾಡಿದೆ. ಕಾಯಿಸಿದ ಮೇಲೂ ಅಯಸ್ಕಾಂತ ಹಿಡಿಯುತ್ತದೆ. ಮಕ್ಕಳು “ಹಾಗಾದರೆ ಸಂಯುಕ್ತ ಆಗಲೇ ಇಲ್ಲವಾ ಟೀಚರ್?” ಎಂದು ಕೇಳಿದರು.

ವ್ಯಾಖ್ಯೆ ಬೇಡ, ಅದು ಪುಸ್ತಕದಲ್ಲಿದೆ. ಬಿಸಿ ಮಾಡಿ, ಸೋಸಿ, ತೂಗಿ ತೋರಿಸುವಂಥದ್ದು ಬೇಕು. ಬರ್ನರ್ ಇಲ್ಲ, ಸ್ಪಿರಿಟ್ ದೀಪ ಇದೆ. 0.1 ಗ್ರಾಂವರೆಗೆ ತೋರಿಸುವ ಸಣ್ಣ ತಕ್ಕಡಿ, ಸೋಸುಕಾಗದ, ಕೆಂಪು ದ್ರವದ ಥರ್ಮಾಮೀಟರು ಇವೆ.

ಕಂಗಿನಬುಡ:

ಟೀಚರೇ, ಗೊಂದಲದ ಬೇರು ‘ಶುದ್ಧ’ ಎಂಬ ಮಾತಿನಲ್ಲಿದೆ. ಮನೆಯಲ್ಲಿ ಶುದ್ಧ ಅಂದರೆ ಕಲಬೆರಕೆ ಇಲ್ಲದ್ದು, ಕೊಳೆ ಇಲ್ಲದ್ದು. ಬಾವಿಯ ನೀರು, ಹಾಲು, ಜೇನು ಎಲ್ಲ ಆ ಅರ್ಥದಲ್ಲಿ ಶುದ್ಧವೇ. ರಸಾಯನಶಾಸ್ತ್ರದಲ್ಲಿ ಶುದ್ಧ ಅಂದರೆ ಒಂದೇ ಪದಾರ್ಥ, ಎಲ್ಲಿಂದ ತಂದರೂ ಒಂದೇ ಸಂಯೋಜನೆ. ಮುರಕಲ್ಲಿನ ಬಾವಿಯ ಕನ್ನಡಿಯಂಥ ನೀರಿನಲ್ಲೂ ಕರಗಿದ ಲವಣ ಇದೆ, ಗಾಳಿ ಇದೆ. ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿ ನೋಡಿದರೆ ಸುತ್ತ ಬಿಳಿ ಉಂಗುರ ಉಳಿಯುತ್ತದೆ. ಬಟ್ಟಿ ಇಳಿಸಿದ ನೀರಿನ ಹನಿ ಹಾಗೆ ಉಂಗುರ ಬಿಡುವುದಿಲ್ಲ. ಪಾಠ ಶುರು ಮಾಡಲಿಕ್ಕೆ ಈ ಎರಡು ಹನಿ ಸಾಕು.

ಮೊದಲ ಪ್ರಶ್ನೆಗೆ ಉದ್ದ ಬೇಡ. ಐಸೂ ನೀರೇ, ನೀರೂ ನೀರೇ. ಪದಾರ್ಥ ಒಂದು, ಸ್ಥಿತಿ ಎರಡು. ‘ಎರಡು ಬಗೆ ಕಂಡರೆ ಮಿಶ್ರಣ’ ಎಂದು ಮಕ್ಕಳು ಕಣ್ಣಳತೆಯಲ್ಲಿ ಹೇಳುತ್ತಾರೆ, ಅದು ಇಲ್ಲಿ ಕೈಕೊಡುತ್ತದೆ. ಥರ್ಮಾಮೀಟರು ಇಟ್ಟು ಚೆನ್ನಾಗಿ ಕಲಕುತ್ತಾ ಇದ್ದರೆ ಕೊನೆಯ ಐಸ್ ಚೂರು ಕರಗುವವರೆಗೂ 0 ಡಿಗ್ರಿ ಬಿಟ್ಟು ಏಳುವುದಿಲ್ಲ. ಅದೇ ಲೋಟಕ್ಕೆ ಒಂದು ಹಿಡಿ ಉಪ್ಪು ಹಾಕಿ, ಪಾದರಸ ಇಳಿದ ಹಾಗೆ ಕೆಂಪು ಗೆರೆ ಸೊನ್ನೆಯ ಕೆಳಗೆ ಇಳಿಯುತ್ತದೆ. ಈಗ ಮಿಶ್ರಣ ಆಯಿತು.

ಮೈಲುತುತ್ತಿನ ಪ್ರಶ್ನೆ ಒಳ್ಳೆಯ ಪ್ರಶ್ನೆ. ಉತ್ತರ ತಕ್ಕಡಿಯಲ್ಲಿದೆ. ಅದರ ಹರಳಿನಲ್ಲಿ ತಾಮ್ರದ ಸಲ್ಫೇಟಿನ ಒಂದು ಪಾಲಿಗೆ ನೀರಿನ 5 ಅಣುಗಳು ಕಟ್ಟಿಕೊಂಡಿವೆ. ತೂಕದಲ್ಲಿ ಲೆಕ್ಕ ಹಾಕಿದರೆ ಸುಮಾರು 36%. ಅಂಗಡಿಯ ಹರಳಾದರೂ, ಲ್ಯಾಬಿನ ಬಾಟಲಿಯದ್ದಾದರೂ, ದೊಡ್ಡ ಹರಳಾದರೂ, ಸಣ್ಣ ಹರಳಾದರೂ 36. ಮಿಶ್ರಣವಾಗಿದ್ದರೆ ಒಂದರಲ್ಲಿ 20, ಇನ್ನೊಂದರಲ್ಲಿ 45 ಇರಬಹುದಿತ್ತು. ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜೋಸೆಫ್ ಪ್ರೂಸ್ಟ್ 1799ರಲ್ಲಿ ಹಿಡಿದದ್ದು ಇದೇ ಜಾಡನ್ನು, ಅವನದ್ದೂ ತಾಮ್ರವೇ: ಗಣಿಯಿಂದ ಬಂದ ತಾಮ್ರದ ಕಾರ್ಬೊನೇಟಿನಲ್ಲೂ ತಾನು ಮಾಡಿದ್ದರಲ್ಲೂ ಭಾಗಗಳು ಒಂದೇ ಅನುಪಾತದಲ್ಲಿವೆ ಎಂದು ತೋರಿಸಿದ.

ಮಾಡುವ ಕ್ರಮ: 2.5 ಗ್ರಾಂ ಹರಳನ್ನು ಪುಡಿ ಮಾಡಿ ಒಣ ಪಿಂಗಾಣಿ ಬಟ್ಟಲಿನಲ್ಲಿ ಹಾಕಿ, ಬಟ್ಟಲು ಸಮೇತ ತೂಗಿ. ಸಣ್ಣ ಉರಿಯಲ್ಲಿ ಗಾಜಿನ ಕಡ್ಡಿಯಿಂದ ಕೈಯಾಡಿಸುತ್ತಾ ಕಾಯಿಸಿ. ಮೊದಲು ಬಣ್ಣ ಮಾಸುತ್ತದೆ, ಅಂಚಿನಿಂದ ಬೆಳ್ಳಗಾಗುತ್ತಾ ಬರುತ್ತದೆ. ಪೂರ್ತಿ ಬೂದುಬಿಳಿ ಆದಾಗ ಇಳಿಸಿ, ಆರಿದ ಮೇಲೆ ತೂಗಿ. 1.6 ಗ್ರಾಂ ಆಸುಪಾಸು ಬರಬೇಕು, ಹೋದದ್ದು 0.9. ಇನ್ನೊಂದು ಸಲ ಕಾಯಿಸಿ ತೂಗಿದಾಗಲೂ ಅಷ್ಟೇ ಇದ್ದರೆ ನೀರು ಪೂರ್ತಿ ಹೋಗಿದೆ ಎಂದರ್ಥ.

ತಪ್ಪುವ ಜಾಗಗಳು ಮೂರು. ಬಿಸಿಯಿದ್ದಾಗಲೇ ತೂಗಿದರೆ ಮೇಲೇಳುವ ಗಾಳಿ ಬಟ್ಟಲನ್ನು ಎತ್ತುತ್ತದೆ, ಅಂಕಿ ಕಡಿಮೆ ತೋರಿಸುತ್ತದೆ. ಆರಲಿ ಎಂದು ಜೂನ್ ಜುಲೈ ತಿಂಗಳ ಗಾಳಿಯಲ್ಲಿ ತೆರೆದಿಟ್ಟರೆ ಬಿಳಿ ಪುಡಿ ನಮ್ಮೂರಿನ ತೇವವನ್ನೆಲ್ಲ ಕುಡಿದು ಮತ್ತೆ ನೀಲಿಯಾಗುತ್ತಾ ಬರುತ್ತದೆ, ತೂಕ ಏರುತ್ತದೆ. ಮುಚ್ಚಳದ ಡಬ್ಬಿಯೊಳಗೆ ಆರಿಸಿ. ಮೂರನೆಯದು, ಒಂದೇ ಕಡೆ ಉರಿ ತಾಗಿ ಕಪ್ಪು ಚುಕ್ಕೆ ಬಂದರೆ ಅಲ್ಲಿ ಸಲ್ಫೇಟೇ ಒಡೆದು ತಾಮ್ರದ ಆಕ್ಸೈಡ್ ಆಗುತ್ತಿದೆ. ಆ ಬಟ್ಟಲಿನ ಲೆಕ್ಕ ಬಿಟ್ಟುಬಿಡಿ.

ಕೊನೆಗೆ ಆರಿದ ಬಿಳಿ ಪುಡಿಗೆ ಎರಡು ಹನಿ ನೀರು. ನೀಲಿ ಮರಳುತ್ತದೆ, ಬಟ್ಟಲು ಬಿಸಿಯಾಗುತ್ತದೆ. ಮರಳಿಗೆ ನೀರು ಹಾಕಿದರೆ ಬಣ್ಣವೂ ಬದಲಾಗದು, ಹೀಗೆ ಬಿಸಿಯೂ ಏಳದು. ಕಟ್ಟಿಕೊಂಡ ನೀರಿಗೂ ಒದ್ದೆ ಮಾಡಿದ ನೀರಿಗೂ ಇರುವ ವ್ಯತ್ಯಾಸವನ್ನು ಮಕ್ಕಳು ಬೆರಳಲ್ಲಿ ಮುಟ್ಟಿ ತಿಳಿಯಬಹುದು (ಬಟ್ಟಲಿನ ಹೊರಮೈಯನ್ನು, ಪುಡಿಯನ್ನಲ್ಲ, ಮೈಲುತುತ್ತು ವಿಷ).

ಇನ್ನು ಬೋರ್ಡೋ. ಇದರಲ್ಲಿ ನಿಮ್ಮ ಇಡೀ ಪಾಠ ಅಡಗಿದೆ, ಅದಕ್ಕೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ತೋಟದ ಲೆಕ್ಕ ಎಲ್ಲರಿಗೂ ಗೊತ್ತು: 1% ಮದ್ದಿಗೆ 1 ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕುವುದು. ಇದನ್ನೇ ಸಾವಿರಕ್ಕೊಂದು ಪಾಲಿಗೆ ಇಳಿಸಿ, 1 ಗ್ರಾಂ ತುತ್ತು 50 ಮಿಲಿ ನೀರಿಗೆ, 1 ಗ್ರಾಂ ಅರಳಿದ ಸುಣ್ಣ 50 ಮಿಲಿ ನೀರಿಗೆ.

ಬೆರೆಸುವ ಮೊದಲು ತುತ್ತಿನ ನೀರನ್ನು ಸ್ವಲ್ಪ ಸೋಸಿ. ಕಾಗದದಲ್ಲಿ ಏನೂ ಉಳಿಯದು, ಕೆಳಗೆ ಬೀಳುವುದೂ ಅದೇ ನೀಲಿ. ಅದು ದ್ರಾವಣ. ಸುಣ್ಣದ ನೀರನ್ನು ಸೋಸಿದರೆ ಕಾಗದದಲ್ಲಿ ಬಿಳಿ ಕೆಸರು, ಕೆಳಗೆ ತಿಳಿನೀರು. ಅದು ನಿಲಂಬನ, ಅಂದರೆ ಕರಗದ ಕಣ ನೀರಿನಲ್ಲಿ ತೇಲಿಕೊಂಡಿರುವುದು. ಈಗ ಎರಡನ್ನೂ ಬೆರೆಸಿ ಸೋಸಿ. ಕಾಗದದ ಮೇಲೆ ಆಕಾಶನೀಲಿ ಲೋಳೆ, ಕೆಳಗೆ ಬಣ್ಣವೇ ಇಲ್ಲದ ನೀರು! ನೀಲಿಯೆಲ್ಲ ಮೇಲೆಯೇ ನಿಂತಿತು. ಬರೀ ಬೆರೆತದ್ದಾದರೆ ತುತ್ತಿನ ನೀಲಿ ಮೊದಲಿನ ಹಾಗೆ ಕಾಗದ ದಾಟಬೇಕಿತ್ತು. ದಾಟಲಿಲ್ಲ ಎಂದರೆ ತಾಮ್ರ ಈಗ ಬೇರೆ ಪದಾರ್ಥದಲ್ಲಿದೆ. ಸುಣ್ಣದ ಜೊತೆ ಸೇರಿ ನೀರಿನಲ್ಲಿ ಕರಗದ ಪ್ರತ್ಯಾಮ್ಲೀಯ ತಾಮ್ರದ ಸಂಯುಕ್ತ ಆಯಿತು, ಪಕ್ಕದಲ್ಲಿ ಜಿಪ್ಸಮ್ ಆಯಿತು. ಆ ನೀಲಿ ಲೋಳೆಗೆ ಇಂಥದ್ದೇ ಒಂದು ಸೂತ್ರ ಎಂದು ಬರೆಸಬೇಡಿ. ಸುಣ್ಣದ ಪ್ರಮಾಣ, ಹೊಯ್ದ ಕ್ರಮ ಬದಲಾದರೆ ಅದೂ ಬದಲಾಗುತ್ತದೆ.

ಹಾಗಾಗಿ ನಿಮ್ಮ ಮೂರನೇ ಪ್ರಶ್ನೆಗೆ: ‘ದ್ರಾವಣ’ ತಪ್ಪು. ‘ಮಿಶ್ರಣ’ ಎಂಬುದು ಸರಿ, ಆದರೆ ಜನ ತಿಳಿದುಕೊಂಡ ಕಾರಣಕ್ಕೆ ಅಲ್ಲ. ಅದು ತುತ್ತು ಮತ್ತು ಸುಣ್ಣದ ಮಿಶ್ರಣವಲ್ಲ; ಅವೆರಡೂ ಕೂಡಿ ಹುಟ್ಟಿದ ಹೊಸ ಸಂಯುಕ್ತಗಳು, ಉಳಿದ ಸುಣ್ಣ ಮತ್ತು ನೀರಿನ ಮಿಶ್ರಣ. ಹೆಸರು ಫ್ರಾನ್ಸಿನ ಬೋರ್ಡೋದ ದ್ರಾಕ್ಷಿ ತೋಟಗಳಿಂದ ಬಂದದ್ದು, ಮದ್ದಿನ ವಿಷಯ ಸಸ್ಯಶಾಸ್ತ್ರಜ್ಞ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ್ದು. ರಸಾಯನಶಾಸ್ತ್ರದ ಪಾಠಕ್ಕೆಂದು ಯಾರೂ ಇಟ್ಟ ಹೆಸರಲ್ಲ.

ತೋಟದಲ್ಲಿ ಹಿರಿಯರು ಕತ್ತಿ ಅದ್ದಿ ನೋಡುತ್ತಾರಲ್ಲ, ಅದನ್ನೂ ಸೇರಿಸಿ. 50 ಮಿಲಿ ತುತ್ತಿನ ನೀರಿಗೆ 1 ಗ್ರಾಂ ಬದಲು ಬರೀ 0.1 ಗ್ರಾಂ ಸುಣ್ಣ ಹಾಕಿದ ಇನ್ನೊಂದು ಲೋಟ ಮಾಡಿ. ಕಬ್ಬಿಣದ ಆಣಿ ಒಂದೆರಡು ನಿಮಿಷ ಅದ್ದಿದರೆ ಅದರ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಕರಗಿದ ತಾಮ್ರ ಇನ್ನೂ ಉಳಿದಿದೆ, ಇದನ್ನು ತೋಟಕ್ಕೆ ಸಿಂಪಡಿಸಿದರೆ ಎಳೆಯ ಅಡಿಕೆ ಸುಡುತ್ತದೆ. ಸುಣ್ಣ ಸಾಕಷ್ಟಿರುವ ಲೋಟದಲ್ಲಿ ಆಣಿ ಹಾಗೆಯೇ ಬರುತ್ತದೆ. ಲೆಕ್ಕದ ಪ್ರಕಾರ 1 ಗ್ರಾಂ ತುತ್ತಿಗೆ ಒಳ್ಳೆಯ ಸುಣ್ಣ 0.3 ಗ್ರಾಂ ಸಾಕು. ಮತ್ತೆ ಯಾಕೆ ಒಂದಕ್ಕೊಂದು ಹಾಕುತ್ತಾರೆ? ಗೋಣಿಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಒಂದಷ್ಟು ಪಾಲು ಸೀಮೆಸುಣ್ಣದ ಜಾತಿಗೆ ತಿರುಗಿರುತ್ತದೆ. ಅದು ಕೆಲಸಕ್ಕೆ ಬಾರದು. ಅಂದರೆ ಗೋಣಿಯಲ್ಲಿರುವ ಸುಣ್ಣವೂ ಮಿಶ್ರಣವೇ. ಎಷ್ಟು ಪಾಲು ಹಾಳಾಗಿದೆ ಎಂದು ಗೊತ್ತಿಲ್ಲದ್ದರಿಂದ ಕೈ ಸಡಿಲ ಬಿಟ್ಟು ಹಾಕುವುದು, ಕತ್ತಿ ಅದ್ದಿ ನೋಡುವುದು.

ಸುಟ್ಟ ಸುಣ್ಣವನ್ನು ಆಗಷ್ಟೇ ಅರಳಿಸಿ ಬಿಸಿ ಇರುವಾಗಲೇ ಬೆರೆಸಬೇಡಿ. ನೀಲಿ ಲೋಳೆ ಕಪ್ಪುಗಟ್ಟುತ್ತದೆ.

ಪಿಪೆಟ್ ಮಾಷ್ಟ್ರು:

ಕಬ್ಬಿಣ-ಗಂಧಕಕ್ಕೆ ನಾನು ಉತ್ತರಿಸುತ್ತೇನೆ. ಟೀಚರ್, ಒಂದು ಅಂದಾಜು: ಎರಡನ್ನೂ ಒಂದೊಂದು ಚಮಚ ಹಾಕಿದ್ದೀರಿ. ಕಬ್ಬಿಣದ ಪುಡಿ ಗಂಧಕದ ಪುಡಿಗಿಂತ ಹಲವು ಪಟ್ಟು ಭಾರ. ಚಮಚಕ್ಕೆ ಚಮಚ ಹಾಕಿದರೆ ಕಬ್ಬಿಣ ವಿಪರೀತ ಜಾಸ್ತಿಯಾಗಿ, ಸಂಯುಕ್ತ ಆದ ಮೇಲೂ ಮಿಕ್ಕ ಕಬ್ಬಿಣ ಅಯಸ್ಕಾಂತಕ್ಕೆ ಹಾರುತ್ತದೆ. ಬೇಕಾದ ಅನುಪಾತ ತೂಕದಲ್ಲಿ 7ಕ್ಕೆ 4. ಕಬ್ಬಿಣದ ಪರಮಾಣು ತೂಕ 56, ಗಂಧಕದ್ದು 32, ಅದನ್ನು 8ರಿಂದ ಭಾಗಿಸಿದ್ದು ಅಷ್ಟೇ. 3.5 ಗ್ರಾಂ ಕಬ್ಬಿಣ, 2 ಗ್ರಾಂ ಗಂಧಕ ತೂಗಿ, ಕಾಗದದ ಮೇಲೆ ಬಣ್ಣ ಒಂದೇ ಆಗುವವರೆಗೆ ಮಗುಚಿ ಬೆರೆಸಿ. ಗಂಧಕ ಒಂದು ಚೂರು ಹೆಚ್ಚಿದ್ದರೆ ತೊಂದರೆಯಿಲ್ಲ, ಕಾಯಿಸುವಾಗ ಒಂದಷ್ಟು ಆವಿಯಾಗಿ ಹೋಗುತ್ತದೆ.

ಪುಡಿ ನಯವಾಗಿರಬೇಕು. ವರ್ಕ್‌ಶಾಪಿನಿಂದ ತಂದ ಲೇತ್ ಚೂರು, ಅರದ ಪುಡಿ ಒರಟು. ಕಣದ ಹೊರಮೈ ಮಾತ್ರ ಸಂಯುಕ್ತವಾಗಿ ಒಳಗೆ ಹಸಿ ಕಬ್ಬಿಣ ಉಳಿಯುತ್ತದೆ. ಎಣ್ಣೆ ಅಂಟಿದ್ದರೆ ಹೊಗೆ, ತುಕ್ಕು ಹಿಡಿದಿದ್ದರೆ ಅರ್ಧಕ್ಕೆ ನಿಲ್ಲುವುದು.

ಬೆರೆಸಿದ್ದರಲ್ಲಿ ಒಂದೆರಡು ಗ್ರಾಂ ಮಾತ್ರ ಬೋರೋಸಿಲಿಕೇಟ್ ಪ್ರನಾಳಕ್ಕೆ. ಕಾಲು ಭಾಗಕ್ಕಿಂತ ಹೆಚ್ಚು ತುಂಬಿಸಬೇಡಿ. ಬಾಯಿಗೆ ಖನಿಜ ಉಣ್ಣೆಯ ಸಡಿಲ ಬಿರಡೆ ಇಡಿ, ಹತ್ತಿ ಬೇಡ, ಅದು ಹತ್ತಿಕೊಳ್ಳುತ್ತದೆ. ಬಿರಡೆ ಇಲ್ಲದಿದ್ದರೆ ಗಂಧಕದ ಆವಿ ಬಾಯಲ್ಲಿ ನೀಲಿ ಉರಿಯಾಗಿ ಉರಿದು ಉಸಿರು ಕಟ್ಟುವ ಸಲ್ಫರ್ ಡೈಆಕ್ಸೈಡ್ ಬರುತ್ತದೆ, ಜೊತೆಗೆ ಗಂಧಕ ಕಡಿಮೆಯಾಗಿ ಕಬ್ಬಿಣ ಮತ್ತೆ ಮಿಗುತ್ತದೆ. ತಳವನ್ನು ಕಾಯಿಸಿ, ಒಂದು ಮೂಲೆ ಕೆಂಪಗೆ ಕಂಡ ಕೂಡಲೇ ದೀಪ ತೆಗೆಯಿರಿ. ಕೆಂಪು ತಾನಾಗಿಯೇ ಮೇಲಕ್ಕೆ ಹರಿಯುತ್ತಾ ಹೋಗುತ್ತದೆ. ದೀಪ ಇಲ್ಲದೆ ಹರಿಯುವ ಆ ಕೆಂಡವನ್ನೇ ಮಕ್ಕಳಿಗೆ ತೋರಿಸಬೇಕಾದ್ದು. ಬರೀ ಬೆರೆಸಿದಾಗ ಈ ಶಾಖ ಎಲ್ಲಿತ್ತು ಎಂದು ಕೇಳಿ, ಸುಮ್ಮನೆ ನಿಂತುಕೊಳ್ಳಿ.

ಸ್ಪಿರಿಟ್ ದೀಪದ ಉರಿ ಇದಕ್ಕೆ ಸಾಲುವುದು ಕಷ್ಟ. ತಳ ಕೆಂಪಗಾಗದೆ ಗಂಧಕ ಕರಗಿ ಜೇನಿನ ಹಾಗೆ ಆಗಿ, ಆವಿಯಾಗಿ ಮೇಲೆ ಹೋಗಿ ಗೋಡೆಗೆ ಹಳದಿಯಾಗಿ ಕೂತರೆ ಶಾಖ ಸಾಲಲಿಲ್ಲ ಎಂದು ತಿಳಿಯಿರಿ. ನಿಮ್ಮ ಎರಡು ಸಲದ ಸೋಲಿಗೆ ಇದೂ ಕಾರಣ ಇರಬಹುದು. ಸಣ್ಣ ಗ್ಯಾಸ್ ಬರ್ನರ್ ಬೇಕೇ ಬೇಕು.

ಎಲ್ಲ ಸರಿ ಮಾಡಿದರೂ ಬಂದ ಕಪ್ಪು ಗಟ್ಟಿಗೆ ಅಯಸ್ಕಾಂತ ತುಸು ಸೆಳೆತ ತೋರಬಹುದು. ‘ಹಿಡಿಯುತ್ತದೆಯೋ ಇಲ್ಲವೋ’ ಎಂದು ಕೇಳಬೇಡಿ. ಕುಟ್ಟಿ ಪುಡಿ ಮಾಡಿ, ‘ಅಯಸ್ಕಾಂತದಿಂದ ಕಬ್ಬಿಣವನ್ನು ಒಂದು ಕಡೆ, ಹಳದಿ ಗಂಧಕವನ್ನು ಇನ್ನೊಂದು ಕಡೆ ಮಾಡಿಕೊಡು’ ಎಂದು ಒಬ್ಬನ ಕೈಗೆ ಕೊಡಿ. ಕಾಯಿಸದ ಪುಡಿಯಲ್ಲಿ ಅದು ಆಗುತ್ತದೆ, ಕಾಯಿಸಿದ್ದರಲ್ಲಿ ಹಳದಿ ಎಲ್ಲೂ ಸಿಗದು. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ತೊಟ್ಟೆ ಸುತ್ತಲು ಮರೆಯಬೇಡಿ, ಇಲ್ಲವಾದರೆ ಕಬ್ಬಿಣದ ಪುಡಿ ಬಿಡಿಸಲಿಕ್ಕೆ ಒಂದು ಪೀರಿಯಡ್ ಬೇಕು.

ಕೆಲವು ಕಡೆ ಆಮ್ಲದ ಹನಿ ಹಾಕಿ ಕೊಳೆತ ಮೊಟ್ಟೆಯ ವಾಸನೆ ತೋರಿಸುತ್ತಾರೆ. ಅದು ಹೈಡ್ರೋಜನ್ ಸಲ್ಫೈಡ್, ವಿಷಾನಿಲ. ಪ್ರಮಾಣ ಏರಿದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ, ಅಪಾಯ ಇರುವುದು ಅಲ್ಲೇ. ಟ್ಯೂಷನ್ ಕೋಣೆಯಲ್ಲಿ ಮಾಡುವ ಕೆಲಸ ಅಲ್ಲ. ನನ್ನನ್ನು ಕೇಳಿದರೆ, ಕಂಗಿನಬುಡದವರ ಬೋರ್ಡೋ ಲೋಟವೇ ಇದೇ ಮಾತನ್ನು ಹೊಗೆಯಿಲ್ಲದೆ ಹೇಳುತ್ತದೆ. ಗಂಧಕ ಬಿಟ್ಟರೂ ನಷ್ಟವಿಲ್ಲ.

ತೆಂಗಿನೆಣ್ಣೆಗೆ ಸುಲಭದ ಪರೀಕ್ಷೆ: ಶುದ್ಧ ಪದಾರ್ಥ ಒಂದೇ ಉಷ್ಣತೆಯಲ್ಲಿ ಕರಗುತ್ತದೆ, ಒಂದೇ ಉಷ್ಣತೆಯಲ್ಲಿ ಕುದಿಯುತ್ತದೆ. ಮಿಶ್ರಣ ಹಾಗೆ ಮಾಡದು. ಉಷ್ಣತೆ ಸ್ಥಿರವಾಗಿ ನಿಂತರೆ ಶುದ್ಧ ಎಂದು ಬರೆದುಕೊಳ್ಳಬಹುದು.

ಗಾಣದ ಹಿಂಡಿ:

ಮಾಷ್ಟ್ರೇ, ಕೊನೆಯ ವಾಕ್ಯಕ್ಕೆ ಒಂದು ತಿದ್ದುಪಡಿ ಬೇಕು. ‘ಶುದ್ಧವಾಗಿದ್ದರೆ ಸ್ಥಿರವಾಗಿ ನಿಲ್ಲುತ್ತದೆ’ ಎಂಬುದು ಸರಿ. ಅದನ್ನು ತಿರುಗಿಸಿ ‘ನಿಂತರೆ ಶುದ್ಧ’ ಎಂದರೆ ಎಡವುತ್ತೇವೆ.

ಉಪ್ಪುನೀರನ್ನೇ ತೆಗೆದುಕೊಳ್ಳಿ. 200 ಮಿಲಿ ನೀರಿಗೆ 60 ಗ್ರಾಂ ಉಪ್ಪು ಹಾಕಿ ಕುದಿಸಿದರೆ 105 ಡಿಗ್ರಿ ಆಸುಪಾಸಿನಲ್ಲಿ ಕುದಿ ಶುರುವಾಗುತ್ತದೆ. ನೀರು ಆರುತ್ತಾ ಉಪ್ಪಿನ ಸಾಂದ್ರತೆ ಹೆಚ್ಚುತ್ತಾ ಉಷ್ಣತೆ ಏರುತ್ತಾ ಹೋಗುತ್ತದೆ. ಇಲ್ಲಿಯವರೆಗೆ ಮಾಷ್ಟ್ರು ಹೇಳಿದ ಹಾಗೆಯೇ. ಆದರೆ ನೀರು 150 ಮಿಲಿ ಹತ್ತಿರ ಇಳಿದಾಗ ದ್ರಾವಣ ತುಂಬಿ ತುಳುಕುವ ಹದಕ್ಕೆ ಬಂದು ತಳದಲ್ಲಿ ಹರಳು ಬೀಳತೊಡಗುತ್ತದೆ, ಥರ್ಮಾಮೀಟರು 108-109ರಲ್ಲಿ ನಿಂತುಬಿಡುತ್ತದೆ! ನೀರು ಎಷ್ಟು ಹೋದರೆ ಅದಕ್ಕೆ ತಕ್ಕ ಉಪ್ಪು ಕೆಳಗೆ ಬೀಳುವುದರಿಂದ ದ್ರಾವಣದ ಸಾಂದ್ರತೆ ಬದಲಾಗುವುದಿಲ್ಲ. ಮಿಶ್ರಣ ಅದು, ಆದರೂ ಉಷ್ಣತೆ ನಿಂತಿದೆ. (ಈ ಹಂತಕ್ಕೆ ಬರುವಾಗ ಬೀಕರು ಗುಡುಗುಡು ಎಂದು ಕುದಿದು ಬಿಸಿ ಉಪ್ಪು ಸಿಡಿಯುತ್ತದೆ. ಮಕ್ಕಳನ್ನು ದೂರ ನಿಲ್ಲಿಸಿ, ಒಂದೆರಡು ಹೆಂಚಿನ ಚೂರು ಮೊದಲೇ ಹಾಕಿಡಿ.)

ಇನ್ನೊಂದು, ಆಲ್ಕೋಹಾಲ್. ತೂಕದಲ್ಲಿ 95.6% ಎಥನಾಲ್, ಉಳಿದದ್ದು ನೀರು ಇರುವ ಮಿಶ್ರಣ 78.2 ಡಿಗ್ರಿಯಲ್ಲಿ ಒಂದೇ ಸಮ ಕುದಿಯುತ್ತದೆ. ಆವಿಯ ಸಂಯೋಜನೆಯೂ ದ್ರವದ್ದೇ. ಎಷ್ಟು ಬಟ್ಟಿ ಇಳಿಸಿದರೂ ಅಲ್ಲಿಂದ ಮುಂದೆ ಹೋಗದು. ಆದರೆ ಒತ್ತಡ ಬದಲಿಸಿದರೆ ಆ 95.6 ಎಂಬ ಅಂಕಿಯೇ ಬದಲಾಗುತ್ತದೆ. ಸಂಯುಕ್ತವಾಗಿದ್ದರೆ ಅನುಪಾತ ಒತ್ತಡಕ್ಕೆ ಅಂಜುತ್ತಿರಲಿಲ್ಲ. ಹಳೇ ಬೆಸುಗೆ ತಂತಿ, ತವರ 63 ಸೀಸ 37, ಅದೂ 183 ಡಿಗ್ರಿಯಲ್ಲಿ ಗಕ್ಕನೆ ಕರಗುತ್ತದೆ, ಮಿಶ್ರಣವೇ. ಹೈಸ್ಕೂಲಿನಲ್ಲಿ ಇದೆಲ್ಲ ಹೇಳಬೇಕೆಂದಿಲ್ಲ. ವಾಕ್ಯವನ್ನು ಮಾತ್ರ ತಿರುಗಿಸದೆ ಬರೆಸಿ.

ಹಾಗೆಯೇ ನೀರಿನ 100 ಡಿಗ್ರಿ ನಮಗೆ ಕಡಲ ಬದಿಯವರಿಗೆ ಸರಿ. ಮಡಿಕೇರಿಗೆ ಹತ್ತಿದರೆ ಅದೇ ಶುದ್ಧ ನೀರು 96ರ ಆಸುಪಾಸಿನಲ್ಲಿ ಕುದಿಯುತ್ತದೆ. ಅಂಕಿ 100 ಬರಲಿಲ್ಲ ಎಂದ ಕೂಡಲೇ ಮಿಶ್ರಣ ಎನ್ನಬಾರದು.

ಈಗ ತೆಂಗಿನೆಣ್ಣೆ. ಇದನ್ನು ಕುದಿಸುವ ಗೋಜು ಬೇಡ, ಕುದಿಯುವ ಮೊದಲೇ ಹೊಗೆ ಎದ್ದು ಒಡೆಯುತ್ತದೆ. ಕರಗುವುದನ್ನು ನೋಡಿ. 10 ಮಿಲಿ ಎಣ್ಣೆಯನ್ನು ಪ್ರನಾಳದಲ್ಲಿ ಹಾಕಿ, ಥರ್ಮಾಮೀಟರಿನ ಬುಡ ಎಣ್ಣೆಯ ನಡುವೆ ಬರುವಂತೆ ಇಳಿಬಿಟ್ಟು ಐಸ್ ನೀರಿನಲ್ಲಿ ಹೆಪ್ಪುಗಟ್ಟಿಸಿ. ಆಮೇಲೆ 15 ಡಿಗ್ರಿಯ ನೀರಿನ ಪಾತ್ರೆಗೆ ಬದಲಿಸಿ ಚಮಚ ಚಮಚ ಬಿಸಿನೀರು ಸೇರಿಸುತ್ತಾ ಎರಡು ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸಿ. ಪಾತ್ರೆಯ ನೀರು 20 ದಾಟುತ್ತಿದ್ದಂತೆ ಬಿಳಿ ಗಟ್ಟಿ ಮೆತ್ತಗಾಗುತ್ತದೆ, ಆಮೇಲೆ ಗಂಜಿಯ ಹಾಗೆ, ಆಮೇಲೆ ಮಸುಕು ದ್ರವ, 25-26ರ ಹೊತ್ತಿಗೆ ತಿಳಿ. ಕರಗಲು ಶುರುವಾದ ಅಂಕಿ, ಮುಗಿದ ಅಂಕಿ ಎರಡನ್ನೂ ಬರೆಸಿ. ಐಸಿಗೆ ಎರಡೂ ಒಂದೇ ಅಂಕಿ. ಅವಸರದಲ್ಲಿ ಬಿಸಿನೀರು ಸುರಿದರೆ ಗೋಡೆಯ ಬದಿ ಕರಗಿ ನಡುವೆ ಗಟ್ಟಿ ಉಳಿದು, ಅಂಕಿಗಳಿಗೆ ಅರ್ಥ ಇರುವುದಿಲ್ಲ.

ಕಾರಣ ಇಷ್ಟು: ತೆಂಗಿನೆಣ್ಣೆಯ ಕೊಬ್ಬಿನ ಅಣುಗಳು ಒಂದೇ ಬಗೆಯವಲ್ಲ. ಹೆಚ್ಚುಕಮ್ಮಿ ಅರ್ಧದಷ್ಟು ಲಾರಿಕ್ ಆಮ್ಲ, ಉಳಿದರ್ಧದಲ್ಲಿ ಉದ್ದ ಗಿಡ್ಡ ಹಲವು ಆಮ್ಲಗಳು, ಅವು ಮೂರು ಮೂರಾಗಿ ಗ್ಲಿಸರಾಲಿಗೆ ಜೋಡಿಸಿಕೊಂಡಿರುವುದು ನಾನಾ ರೀತಿ. ಪ್ರತಿಯೊಂದಕ್ಕೂ ಅದರದ್ದೇ ಕರಗುವ ಉಷ್ಣತೆ. ಡಿಸೆಂಬರಿನ ಬೆಳಗ್ಗೆ ಬಾಟಲಿಯ ತಳದಲ್ಲಿ ಬಿಳಿ ಗಸಿ, ಮೇಲೆ ತಿಳಿ ಎಣ್ಣೆ ಕಾಣುತ್ತದಲ್ಲ, ಅದೇ ಇದು. ಆ ಹೊತ್ತಿನಲ್ಲಿ ಮೇಲಿನ ತಿಳಿಯನ್ನು ಬೇರೆ ಬಾಟಲಿಗೆ ಬಗ್ಗಿಸಿ ತೆಗೆದಿಟ್ಟರೆ, ಅದು ಹೆಪ್ಪುಗಟ್ಟಲಿಕ್ಕೆ ತಳದ ಗಸಿಗಿಂತ ಹೆಚ್ಚು ತಂಪು ಬೇಕಾಗುತ್ತದೆ. ಯಾವ ರಾಸಾಯನಿಕ ಕ್ರಿಯೆಯೂ ಇಲ್ಲದೆ, ಬರೀ ಬಗ್ಗಿಸಿ, ಒಂದು ಎಣ್ಣೆಯನ್ನು ಎರಡು ಮಾಡಿದಿರಿ. ಹುಡುಗನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಬಾಟಲಿಯ ಮೇಲಿನ ‘ಶುದ್ಧ’ ಅಂದರೆ ಬೇರೆ ಎಣ್ಣೆ ಬೆರೆಸಿಲ್ಲ ಎಂದು, ಅದೂ ಸುಳ್ಳಲ್ಲ.

ನೀರ್ಚಾಲಿನವಳು:

ಮೂವರಿಗೂ ಉಪಕಾರ ಆಯಿತು. ಮಾಷ್ಟ್ರು ಹೇಳಿದ್ದು ನಿಜ, ಚಮಚದಲ್ಲೇ ಹಾಕಿದ್ದೆ. ಇನ್ನೆರಡು ಇದೆ. ಕಾಯಿಹಾಲು, ದನದ ಹಾಲು ಸೋಸುಕಾಗದದಲ್ಲಿ ಇಳಿದು ಹೋಗುತ್ತದೆ, ಹಾಗಾದರೆ ದ್ರಾವಣ ಎನ್ನಬೇಕೇ? ಮತ್ತೆ ಸ್ಕೆಚ್ ಪೆನ್ನಿನ ಬಣ್ಣ ಬೇರ್ಪಡಿಸುವ ವರ್ಣರೇಖನ ಮಾಡಿಸಿದಾಗ ಕೆಲವರ ಕಾಗದದಲ್ಲಿ ಬಣ್ಣ ಅಲುಗಲೇ ಇಲ್ಲ, ಕೆಲವರದ್ದು ಲೋಟದ ನೀರಿಗೇ ಇಳಿಯಿತು.

ಪಿಪೆಟ್ ಮಾಷ್ಟ್ರು:

ಹಿಂಡಿಯವರ ತಿದ್ದುಪಡಿ ಒಪ್ಪಿದೆ. ಅವಸರದಲ್ಲಿ ತಿರುಗಿಸಿ ಬರೆದಿದ್ದೆ.

ಹಾಲು ಕಲಿಲ. ಕಣಗಳು ಸೋಸುಕಾಗದದ ತೂತಿಗಿಂತ ಸಣ್ಣವು, ಆದರೆ ಬೆಳಕನ್ನು ಚೆದುರಿಸುವಷ್ಟು ದೊಡ್ಡವು. 200 ಮಿಲಿ ನೀರಿಗೆ ಎರಡೇ ಹನಿ ಹಾಲು ಹಾಕಿ, ಕತ್ತಲೆ ಮಾಡಿ, ಪಕ್ಕದಿಂದ ಲೇಸರ್ ಬಿಡಿ. ಬೆಳಕಿನ ಗೆರೆ ನೀರಿನೊಳಗೆ ಕಾಣುತ್ತದೆ. ಸಕ್ಕರೆ ನೀರಿನಲ್ಲಿ ಕಾಣಬಾರದು. ‘ಕಾಣಬಾರದು’ ಎಂದೆ, ಯಾಕೆಂದರೆ ಅಂಗಡಿಯ ಪುಡಿ ಉಪ್ಪನ್ನು ಕರಗಿಸಿದರೆ ಅದರಲ್ಲಿ ಅಯೋಡಿನ್‌ಗಾಗಿ ಬೆರೆಸಿದ ಅಯೋಡೇಟ್ ಅಲ್ಲದೆ ಗಡ್ಡೆ ಕಟ್ಟದಂತೆ ಹಾಕಿದ ಕರಗದ ಪುಡಿಯೂ ಇದ್ದು ಗೆರೆ ಕಂಡುಬಿಡುತ್ತದೆ, ಮಕ್ಕಳು ಉಪ್ಪುನೀರು ಕಲಿಲ ಎಂದು ಬರೆದುಕೊಳ್ಳುತ್ತಾರೆ. ಬಟ್ಟಿ ಇಳಿಸಿದ ನೀರು, ಸಕ್ಕರೆ ಬಳಸಿ, ಎರಡು ಸಲ ಸೋಸಿ. ಹಾಲು ಜಾಸ್ತಿ ಹಾಕಿದರೆ ಇಡೀ ಲೋಟ ಬೆಳಗಿ ಗೆರೆ ಮಾಯವಾಗುತ್ತದೆ. ಲೇಸರನ್ನು ಗೋಡೆಯ ಕಡೆ ತಿರುಗಿಸಿ ಕಟ್ಟಿಡಿ, ಮಕ್ಕಳ ಕೈಗೆ ಕೊಡಬೇಡಿ.

ಕಾಯಿಹಾಲನ್ನು ಎರಡು ಗಂಟೆ ಬಿಟ್ಟರೆ ಮೇಲೆ ಕೆನೆ ಕಟ್ಟಿ ಕೆಳಗೆ ತೆಳು ನೀರು ನಿಲ್ಲುತ್ತದೆ. ದ್ರಾವಣ ಹಾಗೆ ತಾನಾಗಿ ಬೇರೆಯಾಗದು.

ವರ್ಣರೇಖನದಲ್ಲಿ ಅಲುಗದ ಬಣ್ಣ ಪರ್ಮನೆಂಟ್ ಮಾರ್ಕರಿನದ್ದು. ಅದು ನೀರಿನಲ್ಲಿ ಕರಗದು, ಸ್ಪಿರಿಟ್ ಬೇಕು. ಲೋಟಕ್ಕೆ ಇಳಿದದ್ದು ಚುಕ್ಕೆ ನೀರಿನ ಮಟ್ಟಕ್ಕಿಂತ ಕೆಳಗಿದ್ದುದರಿಂದ. ಕಾಗದದ ಪಟ್ಟಿಯ ತುದಿಯಿಂದ 2 ಸೆಂ.ಮೀ. ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು ಅದರ ಮೇಲೆ ಚುಕ್ಕೆ, ಲೋಟದಲ್ಲಿ ನೀರು 1 ಸೆಂ.ಮೀ. ಮಾತ್ರ. ಗೆರೆಯನ್ನು ಬಾಲ್‌ಪೆನ್ನಿನಲ್ಲಿ ಎಳೆಯುವ ಹುಡುಗ ಪ್ರತಿ ಬ್ಯಾಚಿನಲ್ಲೂ ಒಬ್ಬ ಇರುತ್ತಾನೆ. ಕಪ್ಪು, ಕಂದು ಸ್ಕೆಚ್ ಪೆನ್ನು ಚೆನ್ನಾಗಿ ಒಡೆಯುತ್ತವೆ. ಹಳದಿ ಒಂದೇ ಚುಕ್ಕೆಯಾಗಿ ಏರಿದರೆ ‘ಶುದ್ಧ’ ಎಂದು ತೀರ್ಪು ಕೊಡಬೇಡಿ. ನೀರಿನಲ್ಲಿ ಒಡೆಯಲಿಲ್ಲ ಎಂದಷ್ಟೇ. ಒಟ್ಟಿಗೆ ಏರುವ ಎರಡು ಬಣ್ಣವೂ ಇರಬಹುದು.

ನೀರ್ಚಾಲಿನವಳು:

ಸರಿ. ಶನಿವಾರಕ್ಕೆ ತುತ್ತಿನ ತೂಕ, ಬೋರ್ಡೋ ಲೋಟ ಎರಡು, ತೆಂಗಿನೆಣ್ಣೆ ಇಟ್ಟುಕೊಳ್ಳುತ್ತೇನೆ. ಗಂಧಕ ಈ ಸಲ ಬಿಟ್ಟೆ. ಆಣಿ ಅಂಗಡಿಯಿಂದ ಹೊಸದು ತಂದಿದ್ದೇನೆ, ಫಳಫಳ ಇದೆ. ಉಳಿದ ನೀಲಿ ನೀರನ್ನು ಎಲ್ಲಿ ಚೆಲ್ಲುವುದು?

ಕಂಗಿನಬುಡ:

ಕೆರೆ, ತೋಡು, ಬಾವಿಕಟ್ಟೆಯ ಹತ್ತಿರ ಚೆಲ್ಲಬೇಡಿ, ಕರಗಿದ ತಾಮ್ರ ಮೀನಿಗೆ ಆಗದು. ಎಲ್ಲವನ್ನೂ ಒಂದು ಬಕೆಟಿಗೆ ಹಾಕಿ, ಆಣಿ ಕೆಂಪಾಗದಷ್ಟು ಸುಣ್ಣ ಸೇರಿಸಿ ರಾತ್ರಿ ಬಿಡಿ. ತಳದಲ್ಲಿ ಕೂತ ನೀಲಿ ಕೆಸರನ್ನು ಬಟ್ಟೆಯಲ್ಲಿ ಸೋಸಿ ಒಣಗಿಸಿ ತೆಗೆದಿಡಿ, ಮುಂದಿನ ಬ್ಯಾಚಿಗೆ ತೋರಿಸಲಿಕ್ಕೆ ಆಗುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದ್ದೇ ಇರಲಿ, ಕಬ್ಬಿಣ ಅಲ್ಯುಮಿನಿಯಂ ಬೇಡ.

ಆಣಿ ಫಳಫಳ ಅಂದಿರಲ್ಲ, ಅದು ಸತು ಲೇಪಿಸಿದ್ದಿರಬಹುದು. ಹಾಗಿದ್ದರೆ ಕೆಂಪು ಬರುವ ಬದಲು ಕಪ್ಪು ಪಾಚಿಯ ಹಾಗೆ ಕೂತು ಮಕ್ಕಳಿಗೆ ತಾಮ್ರ ಎಂದು ನಂಬಿಸುವುದು ಕಷ್ಟ. ಲೇಪ ಇಲ್ಲದ ಮಾಮೂಲಿ ಆಣಿಯನ್ನು ಮರಳು ಕಾಗದದಲ್ಲಿ ಚೆನ್ನಾಗಿ ತಿಕ್ಕಿ, ಎಣ್ಣೆ ಪಸೆ ಹೋಗುವಂತೆ ಸೋಪಿನಲ್ಲಿ ತೊಳೆದು ಅದ್ದಿ.